ಕೇಕಿನ ಮೇಲಿನ ಚೆರ್ರಿ, ಬೇಲಿಯ ಮೇಲಿನ ಕವಳಿ

ನಮ್ಮ ಸಾವಳಗಿಯ ಮಕ್ಕಳಿಗೆ ಚೆರ್ರಿ ಹಣ್ಣನ್ನು ತೋರಿಸಿರೆಂದು ಹೇಳಿದರೆ ಅವರ ಬೆರಳು ನೇರವಾಗಿ ಬೇಕರಿಯ ಗಾಜಿನ ಪೆಟ್ಟಿಗೆಯ ಕಡೆಗೆ ಹೋಗುತ್ತದೆ. ಕೇಕಿನ ನೆತ್ತಿಯ ಮೇಲೆ, ಐಸ್‌ಕ್ರೀಮಿನ ಬಟ್ಟಲಿನಲ್ಲಿ, ಮದುವೆಯ ಊಟದ ನಂತರ ಕೊಡುವ ಸಿಹಿ ಪಾನಿನ ಮೇಲೆ ಕಡ್ಡಿಗೆ ಚುಚ್ಚಿಟ್ಟಿರುವ ಆ ಕೆಂಪು ಗುಂಡೇ ಅವರ ಪಾಲಿಗೆ ಚೆರ್ರಿ. ಮಕ್ಕಳಷ್ಟೇ ಅಲ್ಲ, ಹಿರಿಯರೂ ಹಾಗೆಯೇ ನಂಬಿದ್ದಾರೆ. ಆದರೆ ಬಹುಮಟ್ಟಿಗೆ ಅದು ಚೆರ್ರಿಯಲ್ಲ. ಅದು ಕವಳಿಕಾಯಿ. ಬೀಜ ತೆಗೆದು, ಬಣ್ಣ ಕಟ್ಟಿ, ಸಕ್ಕರೆಯ ಪಾಕದಲ್ಲಿ ಮುಳುಗಿಸಿದ ಕವಳಿಕಾಯಿ. ಬೇಲಿಯಲ್ಲಿ ಯಾರೂ ತಿರುಗಿ ನೋಡದೆ ಬಿಟ್ಟ ಹಣ್ಣು ಬೇರೆ ಹೆಸರು ಹೊತ್ತು, ಬೇರೆ ಬಣ್ಣ ಬಳಿದುಕೊಂಡು ಕೇಕಿನ ಮೇಲೆ ಬಂದು ಕುಳಿತಿದೆ. ಈ ಎರಡೂ ಹಣ್ಣುಗಳನ್ನು ಅವುಗಳ ನಿಜರೂಪದಲ್ಲಿ ನಿಮಗೆ ಪರಿಚಯಿಸಬೇಕು, ಹಸಿಯಾಗಿ ಹೇಗೆ ತಿನ್ನಬಹುದು, ಅಡುಗೆಯಲ್ಲಿ ಹೇಗೆ ಬಳಸಬಹುದು ಎಂಬುದನ್ನು ಹೇಳಬೇಕು ಎಂಬುದು ಬಹುದಿನದ ಬಯಕೆ. ಇದಕ್ಕೆ ಒಂದು ನೆವವೂ ಒದಗಿ ಬಂದಿತು. ಅಮೆರಿಕೆಯ ವಾಷಿಂಗ್ಟನ್ ರಾಜ್ಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಸರ್, ಇಲ್ಲಿ ಜೂನ್ ಬಂದರೆ ಬುಟ್ಟಿಗಟ್ಟಲೆ ಚೆರ್ರಿ ಸಿಗುತ್ತದೆ. ತಿಂದು ತಿಂದು ಸಾಕಾಯಿತು. ನಮ್ಮ ಕಡೆಯ ಅಡುಗೆಯಲ್ಲಿ ಏನು ಮಾಡಬಹುದು?" ಎಂದು ಕೇಳಿದ್ದಾಳೆ. ಅವಳಿಗೂ ಉತ್ತರ ಇದರಲ್ಲಿಯೇ ಇದೆ.

ಮೊದಲು ನಿಜವಾದ ಚೆರ್ರಿಯ ಮಾತು. ಇದು ಗುಲಾಬಿಯ ಕುಟುಂಬಕ್ಕೆ ಸೇರಿದ ಮರ. ಪೀಚ್, ಪ್ಲಮ್, ಜರ್ದಾಳು, ಬಾದಾಮಿ ಇದರ ಒಡಹುಟ್ಟುಗಳು. ಹಣ್ಣಿನ ನಡುವೆ ಒಂದೇ ಒಂದು ಗಟ್ಟಿ ಓಟೆ ಇರುತ್ತದೆ. ನಮ್ಮ ದೇಶದ ಚೆರ್ರಿಯ ಬಹುಪಾಲು ಕಾಶ್ಮೀರದ್ದು. ಶ್ರೀನಗರ, ಗಾಂದರಬಲ್, ಶೋಪಿಯಾನ್ ಕಡೆಯ ತೋಟಗಳಲ್ಲಿ ಬೆಳೆಯುತ್ತದೆ. ಹಿಮಾಚಲ ಪ್ರದೇಶದಲ್ಲಿಯೂ ಉಂಟು. ಕಾಶ್ಮೀರಿಗಳು ಇದನ್ನು 'ಗಿಲಾಸ್' ಎನ್ನುತ್ತಾರೆ; ಮಖಮಲಿ, ಮಿಶ್ರಿ, ಡಬಲ್ ಎಂಬ ತಳಿಗಳಿವೆ. ಮೇ ತಿಂಗಳಿನಿಂದ ಜುಲೈವರೆಗೆ ಮಾತ್ರ ಇದರ ಸುಗ್ಗಿ.

ನಮ್ಮಲ್ಲಿ ಇದನ್ನು ಬೆಳೆಯಲು ಬಾರದೇ ಎಂದು ಕೇಳುವವರಿದ್ದಾರೆ. ಚೆರ್ರಿಯ ಮರಕ್ಕೆ ಚಳಿಗಾಲದ ನಿದ್ರೆ ಬೇಕು. ಏಳು ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿನ ಚಳಿ ನೂರಾರು ಗಂಟೆಗಳ ಕಾಲ, ಅನೇಕ ತಳಿಗಳಿಗೆ ಸಾವಿರ ಗಂಟೆಗಳ ತನಕ, ಸಿಗಬೇಕು. ಆಗಲೇ ಅದರ ಮೊಗ್ಗು ಸರಿಯಾಗಿ ಒಡೆಯುತ್ತದೆ. ಕೃಷ್ಣಾ ತೀರದ ನಮ್ಮ ಡಿಸೆಂಬರ್ ಚಳಿ ಕಂಬಳಿ ಹೊದೆಯಲು ಸಾಕು, ಚೆರ್ರಿಯನ್ನು ಮಲಗಿಸಲು ಸಾಲದು. ಆದ್ದರಿಂದ ಅದು ನಮಗೆ ಅತಿಥಿಯಾಗಿಯೇ ಬರಬೇಕು.

ಅತಿಥಿಯನ್ನು ಆರಿಸಿ ಕರೆದುಕೊಳ್ಳಬೇಕು. ವಿಜಯಪುರ, ಬೆಳಗಾವಿ, ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲಿ ಚಿಕ್ಕ ಡಬ್ಬಿಗಳಲ್ಲಿ ಕಂಡರೆ ಮೊದಲು ತೊಟ್ಟನ್ನು ನೋಡಿರಿ. ತೊಟ್ಟು ಹಸಿರಾಗಿದ್ದರೆ ಹಣ್ಣು ಹೊಸದು. ಕಂದಾಗಿ ಒಣಗಿದ್ದರೆ ಕೊಯ್ದು ಬಹಳ ದಿನವಾಗಿದೆ. ಮಾವಿನಕಾಯಿಯಂತೆ ಇದನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡಲಾಗದು. ಮರದಿಂದ ಕಿತ್ತ ಬಳಿಕ ಚೆರ್ರಿ ಸಿಹಿಯಾಗುವುದಿಲ್ಲ, ಮೆತ್ತಗಾಗಿ ಕೆಡುತ್ತದೆ ಅಷ್ಟೆ. ಮನೆಗೆ ತಂದ ಮೇಲೆ ತೊಳೆಯದೆ, ತೊಟ್ಟು ಕೀಳದೆ ಫ್ರಿಜ್ಜಿನಲ್ಲಿಡಿ. ತಿನ್ನುವ ಹೊತ್ತಿಗೆ ತೊಳೆಯಿರಿ. ಒಳ್ಳೆಯ ಚೆರ್ರಿಯನ್ನು ಹಾಗೆಯೇ ತಿನ್ನುವುದು ಎಲ್ಲಕ್ಕಿಂತ ಉತ್ತಮ. ಓಟೆಯನ್ನು ಮಾತ್ರ ಉಗುಳಬೇಕು, ಒಡೆದು ಅಗಿಯಬಾರದು, ಮಿಕ್ಸಿಗೆ ಹಾಕಲೇಬಾರದು. ಅದರೊಳಗಿನ ಬೀಜದಲ್ಲಿರುವ ಒಂದು ಪದಾರ್ಥ ಅರೆದಾಗ ಸೈನೈಡ್ ಆಗಿ ಮಾರ್ಪಡುತ್ತದೆ. ಚಿಕ್ಕ ಮಕ್ಕಳಿಗೆ ಓಟೆ ತೆಗೆದೇ ಕೊಡಿರಿ. ಓಟೆ ತೆಗೆಯಲು ಸುಲಭ ಉಪಾಯವಿದೆ. ತೊಳೆದ ದೊಡ್ಡ ಪಿನ್ನಿನ ಬಾಗಿದ ತುದಿಯನ್ನು ತೊಟ್ಟಿನ ಜಾಗದಲ್ಲಿ ತೂರಿಸಿ, ಓಟೆಯ ಸುತ್ತ ಒಮ್ಮೆ ತಿರುಗಿಸಿ ಎಳೆದರೆ ಅದು ಹೊರಬರುತ್ತದೆ.

ಇನ್ನು ದೂರದೇಶದ ವಿದ್ಯಾರ್ಥಿನಿಯ ಪ್ರಶ್ನೆ. ಅಮೆರಿಕೆಯಲ್ಲಿ ಸಿಹಿ ಚೆರ್ರಿಯನ್ನು ಎಲ್ಲಕ್ಕಿಂತ ಹೆಚ್ಚು ಬೆಳೆಯುವ ರಾಜ್ಯದಲ್ಲಿಯೇ ಅವಳಿದ್ದಾಳೆ! ಅವಳಿಗೆ ನನ್ನ ಮೊದಲ ಸಲಹೆ ಗೊಜ್ಜು. ಅರ್ಧ ಕಿಲೋ ಚೆರ್ರಿಯ ಓಟೆ ತೆಗೆದಿಟ್ಟುಕೊಳ್ಳಬೇಕು. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು, ಸೀಳಿದ ಎರಡು ಹಸಿಮೆಣಸಿನಕಾಯಿ, ಒಂದು ತುಂಡು ಜಜ್ಜಿದ ಶುಂಠಿಯ ಒಗ್ಗರಣೆ ಮಾಡಿ, ಹಣ್ಣು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಹಣ್ಣು ತಾನೇ ನೀರು ಬಿಡುತ್ತದೆ, ಬೇರೆ ನೀರು ಬೇಡ. ಸಿಹಿ ಚೆರ್ರಿಯಲ್ಲಿ ಹುಳಿ ಕಡಿಮೆಯಾದ್ದರಿಂದ ಒಂದು ಅಡಕೆಯಷ್ಟು ಹುಣಸೆಹಣ್ಣಿನ ರಸ, ಉಪ್ಪು, ಕೆಂಪು ಖಾರ, ಒಂದು ನಿಂಬೆಹಣ್ಣಿನಷ್ಟು ಬೆಲ್ಲ ಸೇರಿಸಿ, ಜೇನಿನಂತೆ ದಪ್ಪವಾಗುವವರೆಗೆ ಕುದಿಸಿದರೆ ಆಯಿತು. ಚಪಾತಿಗೆ, ದೋಸೆಗೆ ಒಪ್ಪುತ್ತದೆ. ಎರಡನೆಯದು ಶ್ರೀಖಂಡ. ನೀರು ಸೋರಿಸಿದ ಗಟ್ಟಿ ಮೊಸರಿಗೆ ಸಕ್ಕರೆ, ಏಲಕ್ಕಿ ಕೂಡಿಸಿ ತಿಕ್ಕಿ, ಬಡಿಸುವ ಹೊತ್ತಿಗೆ ಚೆರ್ರಿಯ ಹೋಳುಗಳನ್ನು ಬೆರೆಸಬೇಕು. ಬಿಸಿ ಹಾಲಿಗೆ, ಪಾಯಸಕ್ಕೆ ಮಾತ್ರ ಇದನ್ನು ಹಾಕಬೇಡಿರಿ. ಹಣ್ಣಿನ ಹುಳಿಯಿಂದ ಹಾಲು ಒಡೆಯುವ ಸಂಭವವಿದೆ.

ಅತಿಥಿಯ ಸತ್ಕಾರ ಇಷ್ಟು ಸಾಕು. ಈಗ ಮನೆಯ ಮಗಳ ಕಡೆಗೆ ಬರೋಣ.

ನಾವು ಕವಳಿ ಎನ್ನುವ ಹಣ್ಣನ್ನು ಮಲೆನಾಡಿನವರು ಕವಳೆ ಎನ್ನುತ್ತಾರೆ, ಕರಾವಳಿಯವರು ಕರಂಡೆ ಎನ್ನುತ್ತಾರೆ. ಮರಾಠಿಯಲ್ಲಿ ಕರವಂದ, ಹಿಂದಿಯಲ್ಲಿ ಕರೌಂದಾ. ಸ್ವೀಡನ್ ದೇಶದ ಸಸ್ಯವಿಜ್ಞಾನಿ ಲಿನೇಯಸ್ 1767ರಲ್ಲಿ ಇದಕ್ಕೆ ಕೊಟ್ಟ ಹೆಸರು 'ಕ್ಯಾರಿಸ್ಸಾ ಕರಂಡಾಸ್'. ಆ ಹೆಸರಿನಲ್ಲಿಯೂ ನಮ್ಮ ನೆಲದ ದನಿ ಕೇಳುತ್ತದೆ. ಇದು ಚೆರ್ರಿಯ ನೆಂಟನಲ್ಲ. ಕಣಗಿಲೆ, ಎಕ್ಕಗಳ ಕುಟುಂಬದ್ದು. ಎಲೆ ಮುರಿದರೆ, ಕಾಯಿ ಕಿತ್ತರೆ ಹಾಲು ಒಸರುತ್ತದೆ. ಹೂವು ಬಿಳಿಯದು, ಮಲ್ಲಿಗೆಯನ್ನು ನೆನಪಿಸುವ ಪರಿಮಳ. ಮುಳ್ಳುಗಳು ಜೋಡಿಯಾಗಿ, ಕೆಲವೆಡೆ ಕವಲೊಡೆದು ನಿಂತಿರುತ್ತವೆ, ದನ ನುಗ್ಗಲಾರದು. ಹಣ್ಣಿನಲ್ಲಿ ಒಂದು ಓಟೆಯಿಲ್ಲ, ಚಪ್ಪಟೆಯಾದ ಹಲವು ಚಿಕ್ಕ ಬೀಜಗಳಿವೆ. ಬೇಕರಿಯ 'ಚೆರ್ರಿ'ಯನ್ನು ಸೀಳಿ ನೋಡಿದಾಗ ಕೆಲವೊಮ್ಮೆ ಈ ಚಪ್ಪಟೆ ಬೀಜ ಉಳಿದಿರುತ್ತದೆ. ಗುಟ್ಟು ರಟ್ಟಾಗಲು ಅದೊಂದು ಸಾಕ್ಷಿ ಸಾಕು.

ಇದರಲ್ಲಿ ಅಕ್ಕ ತಂಗಿಯರಂತೆ ಎರಡು ಬಗೆ ಉಂಟು. ಒಂದು ಕಲ್ಲುಗುಡ್ಡಗಳಲ್ಲಿ, ಕಾಡಂಚಿನಲ್ಲಿ ತಾನಾಗಿ ಬೆಳೆಯುವ ಚಿಕ್ಕ ಕವಳಿ. ಬೇಸಗೆಯ ಕೊನೆಗೆ ಕಪ್ಪಗೆ ಹಣ್ಣಾಗುತ್ತದೆ, ಸಿಹಿ ಹುಳಿ ಬೆರೆತ ರುಚಿ. ಇನ್ನೊಂದು ತೋಟದ ಬೇಲಿಗೆ ಹಚ್ಚುವ ದೊಡ್ಡ ಕವಳಿ. ಕಾಯಿ ಬಿಳಿ, ಗುಲಾಬಿ ಅಥವಾ ಹಸಿರು ಮೈಯದು, ಹಣ್ಣಾಗುವುದು ಮಳೆಗಾಲದಲ್ಲಿ. ಚೆರ್ರಿಯ ವೇಷ ತೊಡುವುದು ಈ ದೊಡ್ಡ ಕವಳಿ. ಅದು ದುಂಡಗಿದೆ, ಕುದಿಸಿದರೂ ಬೇಗ ಕರಗದು, ಬೆಲೆಯೂ ಕಡಿಮೆ. ವ್ಯಾಪಾರಕ್ಕೆ ಇನ್ನೇನು ಬೇಕು?

ಈ ವೇಷದ ಕಥೆಗೆ ಇನ್ನೂ ಒಂದು ತಿರುವಿದೆ. ಬೇಕರಿಯವರು ಯಾವ ಹಣ್ಣನ್ನು ಅನುಕರಿಸಿದರೋ ಅದೂ ತನ್ನ ಸಹಜ ರೂಪದಲ್ಲಿರಲಿಲ್ಲ. ಪಶ್ಚಿಮ ದೇಶಗಳಲ್ಲಿ ಕೇಕಿನ ಮೇಲಿಡುವ ಮರಾಸ್ಕಿನೋ ಚೆರ್ರಿ ಎಂಬುದೊಂದಿದೆ. ಅದರ ಮೂಲ ಆಡ್ರಿಯಾಟಿಕ್ ಸಮುದ್ರ ತೀರದ ಮರಾಸ್ಕಾ ಎಂಬ ಹುಳಿ ಚೆರ್ರಿ. ಅಮೆರಿಕೆಯ ಒರೆಗಾನ್ ಕೃಷಿ ಕಾಲೇಜಿನ ಅರ್ನೆಸ್ಟ್ ವೀಗಂಡ್ ಎಂಬ ಪ್ರಾಧ್ಯಾಪಕರು 1920ರ ದಶಕದಲ್ಲಿ ಕ್ಯಾಲ್ಸಿಯಂ ಲವಣಗಳನ್ನು ಬಳಸಿ ಹಣ್ಣು ಗಟ್ಟಿಯಾಗಿ ಉಳಿಯುವಂತೆ ಮಾಡುವ ವಿಧಾನವನ್ನು ರೂಪಿಸಿದರು. ಅಲ್ಲಿ ಚೆರ್ರಿಯ ಸಹಜ ಬಣ್ಣವನ್ನು ಮೊದಲು ತೆಗೆದು ಬಿಳುಪಾಗಿಸುತ್ತಾರೆ, ಆಮೇಲೆ ಕೃತಕ ಕೆಂಪು ತುಂಬುತ್ತಾರೆ. ಅಂದಮೇಲೆ ನಮ್ಮ ಕೇಕಿನ ಮೇಲಿನ ಕೆಂಪು ಚೆರ್ರಿಯ ಕೆಂಪೂ ಅಲ್ಲ, ಕವಳಿಯ ಕೆಂಪೂ ಅಲ್ಲ. ಅನುಕರಣೆಯ ಅನುಕರಣೆ!

ಹೀಗೆ ಬಳಸುವ ಕೆಂಪುಗಳಲ್ಲಿ ಎರಿಥ್ರೋಸಿನ್ ಎಂಬುದು ಮುಖ್ಯವಾದದ್ದು. ನಮ್ಮ ದೇಶದ ನಿಯಮಗಳಲ್ಲಿ ಮಿತಿಯೊಳಗೆ ಬಳಸಲು ಒಪ್ಪಿಗೆಯಿರುವ ಕೃತಕ ಬಣ್ಣಗಳಲ್ಲಿ ಅದೂ ಒಂದು. ಅಮೆರಿಕೆಯ ಆಹಾರ ಮತ್ತು ಔಷಧ ಆಡಳಿತವು 2025ರ ಜನವರಿಯಲ್ಲಿ ಆಹಾರದಲ್ಲಿ ಇದರ ಬಳಕೆಗಿದ್ದ ಅನುಮತಿಯನ್ನು ಹಿಂತೆಗೆದುಕೊಂಡು, ಕಂಪನಿಗಳಿಗೆ 2027ರ ಜನವರಿಯವರೆಗೆ ಕಾಲಾವಕಾಶ ಕೊಟ್ಟಿತು. ನಮ್ಮ ಕರ್ನಾಟಕದಲ್ಲಿಯೂ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ಸರಕಾರ ನಿಷೇಧಿಸಿತು. ವರ್ಷಕ್ಕೊಮ್ಮೆ ಹುಟ್ಟುಹಬ್ಬದ ಕೇಕಿನ ಮೇಲಿನ ಒಂದು ಚೂರಿಗೆ ಯಾರೂ ಹೆದರಬೇಕಾಗಿಲ್ಲ. ಆದರೆ ಬಣ್ಣವಿಲ್ಲದೆಯೇ ಚೆಂದವಾಗಿರುವ ಹಣ್ಣಿಗೆ ಬಣ್ಣವೇಕೆ ಎಂಬ ಪ್ರಶ್ನೆಯನ್ನು ಕೇಳಬಹುದಲ್ಲವೇ?

ಕವಳಿಯ ಅಡುಗೆಗೆ ಮೊದಲು ಒಂದು ಮುನ್ನೆಚ್ಚರಿಕೆ. ಹಸಿ ಕಾಯಿಯ ಹಾಲು ಬೆರಳಿಗೆ, ತುಟಿಗೆ ಅಂಟುತ್ತದೆ. ಕೈಗೆ ಒಂದು ಹನಿ ಎಣ್ಣೆ ಸವರಿಕೊಂಡು, ಕಾಯಿಯನ್ನು ಸೀಳಿ ಬೀಜ ತೆಗೆದು, ಉಪ್ಪುನೀರಿನಲ್ಲಿ ಅರ್ಧ ಗಂಟೆ ನೆನೆಸಿ ತೊಳೆದರೆ ಅಂಟೂ ಒಗರೂ ಕಡಿಮೆಯಾಗುತ್ತವೆ.

ನಮ್ಮ ಮನೆಯಲ್ಲಿ ಹೆಚ್ಚು ಮಾಡುವುದು ಕವಳಿಕಾಯಿಯ ಚಟ್ನಿ. ಒಂದು ಬಟ್ಟಲು ಕಾಯಿಯ ಹೋಳುಗಳನ್ನು ಐದಾರು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆಯೊಂದಿಗೆ ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ, ಅರ್ಧ ಬಟ್ಟಲು ಹುರಿದ ಶೇಂಗಾ, ಉಪ್ಪು, ಚೂರು ಬೆಲ್ಲ, ಕೊತ್ತಂಬರಿ ಕೂಡಿಸಿ ಒರಳಿನಲ್ಲಿ ಕುಟ್ಟಬೇಕು. ಮಿಕ್ಸಿಯಲ್ಲಿ ಮಾಡಿದರೂ ತೀರ ನುಣ್ಣಗೆ ಮಾಡಬಾರದು. ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಈ ಚಟ್ನಿ, ಪಕ್ಕದಲ್ಲಿ ಗಟ್ಟಿ ಮೊಸರು ಇದ್ದರೆ ಪಲ್ಯದ ನೆನಪಾಗುವುದಿಲ್ಲ. ತೊಗರಿಬೇಳೆಯ ಸಾರಿಗೆ ಹುಣಸೆಹಣ್ಣಿನ ಬದಲು ನಾಲ್ಕಾರು ಕವಳಿಕಾಯಿ ಹಾಕಿ ಕುದಿಸಿದರೆ ಹುಳಿಗೆ ಒಂದು ಹೊಸ ಪರಿಮಳ ಬರುತ್ತದೆ.

ಉಪ್ಪಿನಕಾಯಿಗೆ ಅರ್ಧ ಕಿಲೋ ಕಾಯಿಗೆ ನೂರು ಗ್ರಾಂ ಉಪ್ಪಿನ ಲೆಕ್ಕ. ಹೋಳುಗಳನ್ನು ಉಪ್ಪು, ಅರಿಷಿಣದಲ್ಲಿ ಎರಡು ದಿನ ಇಟ್ಟು, ಸಾಸಿವೆ ಪುಡಿ, ಹುರಿದ ಮೆಂತ್ಯದ ಪುಡಿ, ಕೆಂಪು ಖಾರ ಬೆರೆಸಿ, ಕಾಯಿಸಿ ಆರಿಸಿದ ಎಣ್ಣೆ ಹೋಳು ಮುಳುಗುವಷ್ಟು ಹಾಕಬೇಕು. ಕವಳಿಯೇ ಹುಳಿಯಾದ್ದರಿಂದ ನಿಂಬೆರಸ ಬೇಡ. ಹಸಿ ಚಮಚ ತಾಗದಿದ್ದರೆ ವರ್ಷ ಬಾಳುತ್ತದೆ.

ಹಣ್ಣಾದ ಕವಳಿಯನ್ನು ಉಪ್ಪು ಖಾರ ಹಚ್ಚಿ ತಿನ್ನುವ ಸುಖವನ್ನು ನಿಮಗೆ ಹೇಳಿಕೊಡಬೇಕಿಲ್ಲ. ಹಣ್ಣು ಹೆಚ್ಚಿದ್ದರೆ ಜೆಲ್ಲಿ ಮಾಡಬಹುದು. ಹಣ್ಣುಗಳನ್ನು ಅಷ್ಟೇ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ತೆಳು ಬಟ್ಟೆಯಲ್ಲಿ ಹಾಕಿ ತೂಗುಬಿಡಬೇಕು. ಹಿಂಡಿದರೆ ರಸ ಮಬ್ಬಾಗುತ್ತದೆ. ನಾಲ್ಕು ಬಟ್ಟಲು ರಸಕ್ಕೆ ಮೂರು ಬಟ್ಟಲು ಸಕ್ಕರೆ ಹಾಕಿ ಜೋರು ಉರಿಯಲ್ಲಿ ಕುದಿಸುತ್ತ, ಚಮಚದಿಂದ ಎತ್ತಿ ಸುರಿದಾಗ ಹನಿಹನಿಯಾಗದೆ ಒಟ್ಟಾಗಿ ಹಾಳೆಯಂತೆ ಜಾರಿದರೆ ಇಳಿಸಬೇಕು. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು, ಹುಳಿ, ಸಕ್ಕರೆ ಮೂರೂ ಸೇರಿ ಅದು ತಾನೇ ಗಟ್ಟಿಯಾಗುತ್ತದೆ. ಬಣ್ಣವೋ, ಯಾವ ಡಬ್ಬಿಯ ಕೆಂಪೂ ಅದರ ಮುಂದೆ ನಿಲ್ಲದು.

ಕೊನೆಯದಾಗಿ, ಕೇಕಿನ ಮೇಲಿನ ಆ ಗುಂಡನ್ನೇ ಮನೆಯಲ್ಲಿ ಮಾಡುವ ಬಗೆ. ಇಲ್ಲಿ ನಿಮ್ಮ ವಿಜ್ಞಾನದ ಪಾಠ ನೆನಪಿಗೆ ಬರಬೇಕು. ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದರೆ ಉಬ್ಬುತ್ತದೆ, ಉಬ್ಬಿದ್ದನ್ನು ದಪ್ಪ ಸಕ್ಕರೆ ಪಾಕದಲ್ಲಿ ಹಾಕಿದರೆ ಕುಗ್ಗುತ್ತದೆ ಎಂದು ಮಾಡಿ ತೋರಿಸಿದ್ದು ನೆನಪಿದೆಯೇ? ಅಭಿಸರಣೆ! ಕವಳಿಯನ್ನು ಮೊದಲ ದಿನವೇ ದಪ್ಪ ಪಾಕದಲ್ಲಿ ಮುಳುಗಿಸಿದರೆ ಸಕ್ಕರೆ ಒಳಹೋಗುವ ಮುನ್ನವೇ ನೀರು ಹೊರಬಂದು ಹಣ್ಣು ಸುಕ್ಕುಗಟ್ಟುತ್ತದೆ. ಆದ್ದರಿಂದ ತಾಳ್ಮೆ ಬೇಕು. ಬೀಜ ತೆಗೆದ ಅರ್ಧ ಕಿಲೋ ಕಾಯಿಯನ್ನು ಕುದಿಯುವ ನೀರಿನಲ್ಲಿ ಮೂರು ನಿಮಿಷ ಹಾಕಿ ಬಸಿಯಬೇಕು. ನಾಲ್ಕುನೂರು ಗ್ರಾಂ ಸಕ್ಕರೆಗೆ ಆರುನೂರು ಮಿಲಿಲೀಟರ್ ನೀರಿನ ತೆಳು ಪಾಕದಲ್ಲಿ ಮೊದಲ ದಿನ ಮುಳುಗಿಸಿಡಬೇಕು. ಮರುದಿನ ಪಾಕವನ್ನಷ್ಟೇ ಬಸಿದು, ನೂರೈವತ್ತು ಗ್ರಾಂ ಸಕ್ಕರೆ ಸೇರಿಸಿ ಕುದಿಸಿ ಮತ್ತೆ ಹಣ್ಣಿನ ಮೇಲೆ ಸುರಿಯಬೇಕು. ಪಾಕ ಜೇನಿನಂತಾಗುವವರೆಗೆ ಆರೇಳು ದಿನ ಹೀಗೆಯೇ. ಮೊದಲ ದಿನದ ಪಾಕಕ್ಕೆ ಎರಡು ತುಂಡು ಬೀಟ್‌ರೂಟ್ ಹಾಕಿದರೆ ಬಣ್ಣ ಬರುತ್ತದೆ. ಹಾಕದಿದ್ದರೂ ರುಚಿಗೆ ಕೊರತೆಯಿಲ್ಲ. ಕೊನೆಗೆ ಬಸಿದು ನೆರಳಿನಲ್ಲಿ ಆರಿಸಿ ಡಬ್ಬಿಗೆ ತುಂಬಬೇಕು. ಉಳಿದ ಪಾಕಕ್ಕೆ ತಣ್ಣೀರು, ಚಿಟಿಕೆ ಉಪ್ಪು ಸೇರಿಸಿದರೆ ಒಳ್ಳೆಯ ಶರಬತ್ತು.

ಇಷ್ಟೆಲ್ಲ ಬರೆಯುವಾಗ ನನಗೆ ಒಬ್ಬ ಹುಡುಗಿಯ ನೆನಪು ಬಾರದೆ ಇರದು. ಸೇವೆಯ ಆರಂಭದ ವರ್ಷಗಳಲ್ಲಿ ನಾನು ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿದ್ದೆ. ಅಲ್ಲಿ ಮೇ ತಿಂಗಳಿನಲ್ಲಿ ಕಾಡಂಚಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಕವಳಿ ಹೊತ್ತು ಪೇಟೆಗೆ ಬರುತ್ತಿದ್ದರು. ಎಲೆಯ ದೊನ್ನೆಯಲ್ಲಿ ಅಳೆದು ಮಾರಾಟ. ಜೂನಿನಲ್ಲಿ ಶಾಲೆ ಆರಂಭವಾದ ಮೊದಲ ವಾರ ನಾನು ಪ್ರತಿಯೊಬ್ಬರ ಪುಸ್ತಕಗಳನ್ನು ನೋಡುವ ವಾಡಿಕೆಯಿತ್ತು. ಎಂಟನೆಯ ತರಗತಿಯ ಆ ಹುಡುಗಿ ಎಲ್ಲ ವಿಷಯಗಳಿಗೂ ಹೊಸ ನೋಟಬುಕ್ ತಂದಿದ್ದಳು. ಅವಳ ಮನೆಯ ಸ್ಥಿತಿ ನನಗೆ ಗೊತ್ತಿತ್ತು. "ಯಾರು ಕೊಡಿಸಿದರವ್ವಾ?" ಎಂದು ಕೇಳಿದೆ. ತಲೆ ತಗ್ಗಿಸಿ ಮೆಲ್ಲಗೆ, "ನಾನೇ ತಗೊಂಡೇನ್ರಿ ಸರ್. ಸೂಟಿಯೊಳಗ ಕವಳಿ ಮಾರಿದ್ದೆರಿ" ಎಂದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅವಳ ಬೆರಳುಗಳ ತುಂಬ ಮುಳ್ಳಿನ ಗೀರುಗಳಿದ್ದವು. ನಾನು ಆ ನೋಟಬುಕ್ಕಿನ ಮೊದಲ ಪುಟದಲ್ಲಿ ಅವಳ ಹೆಸರನ್ನು ನನ್ನ ಕೈಯಿಂದಲೇ ಬರೆದುಕೊಟ್ಟೆ. ಆಮೇಲೆ ಯಾರೂ ನಗಲಿಲ್ಲ.

ಆಕೆ ಇಂದು ನರ್ಸ್ ಆಗಿದ್ದಾಳೆ. ಹಿಂದೊಮ್ಮೆ ಫೋನ್ ಮಾಡಿದಾಗ ಹೇಳಿದಳು: "ಸರ್, ನನ್ನ ಮಗಳು ಕೇಕಿನ ಮ್ಯಾಲಿಂದು ಆರಿಸಿ ತಿಂದು ಚೆರ್ರಿ ಅಂತಾಳ್ರಿ. ಅದು ಕವಳಿ, ನಿಮ್ಮವ್ವ ಮಾರಿದ ಹಣ್ಣು ಅಂದ್ರ ನಂಬವಲ್ಲಳ್ರಿ." ನಗುತ್ತಲೇ ಹೇಳಿದಳು, ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ತಾಯಿಯ ಬೆರಳಿಗೆ ಗೀರು ಕೊಟ್ಟು ಪುಸ್ತಕ ಕೊಡಿಸಿದ ಹಣ್ಣು ಮಗಳಿಗೆ ಅಪರಿಚಿತವಾಗಿದೆ. ಹೆಸರು ಹೋದರೆ ಋಣವೂ ಮರೆಯುತ್ತದೆ.

ನಮ್ಮ ಭಾಗದ ಎರೆ ಹೊಲಗಳ ಬದುಗಳಲ್ಲಿ ಬಾರಿ, ಜಾಲಿಗಳೇ ಹೆಚ್ಚು. ಚಿಕ್ಕ ಕವಳಿಗೆ ಮೆಚ್ಚಿನ ನೆಲ ಮಸಾರಿ, ಕಲ್ಲುಗುಡ್ಡ. 1989ರಲ್ಲಿ ಕೃಷ್ಣಾ ತೀರದ ರೈತರು ತಮ್ಮದೇ ವಂತಿಗೆ, ತಮ್ಮದೇ ಶ್ರಮದಿಂದ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಕೊಂಡರು. ಹೊಲಕ್ಕೆ ನೀರು ಬಂತು, ಕಬ್ಬು ಬಂತು, ಮಕ್ಕಳು ಓದಿದರು. ಅದು ಹೆಮ್ಮೆಯ ಸಂಗತಿ, ಅದನ್ನು ದೂರುವವನು ನಾನಲ್ಲ. ಆದರೆ ಒಂದು ಗುಂಟೆಯೂ ವ್ಯರ್ಥವಾಗಬಾರದೆಂದು ಬದು ಬಳಿದ ಕಡೆ ಮುಳ್ಳಿನ ಬೇಲಿ ಹೋಗಿ ತಂತಿ ಬೇಲಿ ಬಂದಿದೆ. ತಂತಿಯ ಬೇಲಿ ಹಣ್ಣು ಬಿಡುವುದಿಲ್ಲ, ಹಕ್ಕಿಗೆ ಗೂಡು ಕೊಡುವುದಿಲ್ಲ.

ಆದ್ದರಿಂದ ಹೊಲವಿರುವ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಒಂದು ಮಾತು. ತೋಟದ ಒಂದು ಬದಿಗಾದರೂ ದೊಡ್ಡ ಕವಳಿಯ ಬೇಲಿ ಹಚ್ಚಿರಿ. ಮೂರಡಿಗೆ ಒಂದು ಸಸಿ ಸಾಕು. ಬೇರೂರಿದ ಮೇಲೆ ನೀರು ಹೆಚ್ಚು ಕೇಳುವುದಿಲ್ಲ, ದನ ಕರು ಮುಟ್ಟುವುದಿಲ್ಲ, ಮೂರು ನಾಲ್ಕು ವರ್ಷಕ್ಕೆ ಕಾಯಿ ಬಿಡುತ್ತದೆ. ನರ್ಸರಿಯಿಂದ ಸಸಿ ತರಬಹುದು, ಬೀಜದಿಂದಲೂ ಬೆಳೆಸಬಹುದು. ಇದರ ಬೀಜ ಬಹುಕಾಲ ಜೀವ ಹಿಡಿದಿರುವುದಿಲ್ಲ. ಡಬ್ಬಿಯಲ್ಲಿ ಕೂಡಿಟ್ಟರೆ ಮೊಳೆಯದು. ಹಣ್ಣು ತಿಂದ ವಾರದೊಳಗೇ ಬೀಜ ತೊಳೆದು ಮಣ್ಣಿಗೆ ಹಾಕಬೇಕು. ಈ ಸಲ ಮಳೆಗಾಲದಲ್ಲಿ ಎಲ್ಲಿಯಾದರೂ ಹಣ್ಣು ಸಿಕ್ಕರೆ ಮಕ್ಕಳ ಕೈಯಿಂದಲೇ ಹಾಕಿಸಿರಿ. ಹಾಕುವಾಗ ಅದರ ಹೆಸರನ್ನು ಒಮ್ಮೆ ಬಾಯಿತುಂಬ ಹೇಳಿಸಿರಿ.